ಅಣುಸ್ಥಾವರದ ಅವಘಡ: ಮೇವು ಮತ್ತು ಹಾಲಿನ ರಕ್ಷಣೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಿಂದ ಅದು 200 ಕಿಲೋಮೀಟರಿಗೂ ಹೆಚ್ಚು ದೂರ. ಕಾಳಿ ಪಶ್ಚಿಮಕ್ಕೆ ಹರಿದರೆ ತುಂಗಭದ್ರೆ ಪೂರ್ವಕ್ಕೆ ಹರಿಯುತ್ತದೆ. ಆದುದರಿಂದ ಹೊಳೆಯ ನೀರಿನ ಮೂಲಕ ಗಡ್ಡೆಯ ಭತ್ತ, ಬಾಳೆಗೆ ಅಪಾಯ ತಲುಪುವ ದಾರಿಯಿಲ್ಲ.

ಗಾಳಿಯ ಮಾತು ಬೇರೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿದಾಗ ಅದರ ವಿಕಿರಣಶೀಲ ಧೂಳು 2000 ಕಿಲೋಮೀಟರಿಗೂ ದೂರದ ವೇಲ್ಸ್ ಗುಡ್ಡಗಳ ಮೇಲೆ ಮಳೆಯೊಡನೆ ಇಳಿಯಿತು. ಅಲ್ಲಿನ ಕುರಿ ಮಾರಾಟದ ಮೇಲಿನ ನಿರ್ಬಂಧ ಪೂರ್ಣವಾಗಿ ತೆರವಾದದ್ದು 2012ರಲ್ಲಿ. ಚೆರ್ನೋಬಿಲ್‌ನ ಘಟಕಕ್ಕೆ ಕೈಗಾದಲ್ಲಿರುವಂತಹ ಗಟ್ಟಿಯಾದ ಕಾಂಕ್ರೀಟ್ ಹೊರಕವಚ ಇರಲಿಲ್ಲವೆಂಬುದನ್ನೂ ಗಮನಿಸಬೇಕು.

ಅವಘಡದ ಮೊದಲ ವಾರಗಳಲ್ಲಿ ಹೆಚ್ಚು ಕಾಡುವುದು ಅಯೋಡಿನ್-131. ಇದು ಹುಲ್ಲಿನ ಮೇಲೆ ಬೀಳುತ್ತದೆ; ಹಸು ಮೇಯುತ್ತದೆ; ಹಾಲಿನ ಮೂಲಕ ಮಗುವಿನ ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಸೇರುತ್ತದೆ. ಚೆರ್ನೋಬಿಲ್ ಸುತ್ತಿನ ಹಳ್ಳಿಗಳಲ್ಲಿ ಎಚ್ಚರಿಕೆ ತಡವಾಗಿ ಬಂದಿತು, ಮಕ್ಕಳು ಮನೆಯ ಹಸುವಿನ ಹಾಲನ್ನೇ ಕುಡಿದರು. ಆಗ ಮಕ್ಕಳಾಗಿದ್ದ ಸಾವಿರಾರು ಮಂದಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂದಿತು. ಅದರಲ್ಲಿ ದೊಡ್ಡ ಪಾಲಿಗೆ ಈ ಹಾಲೇ ಕಾರಣ.

ಸಮಾಧಾನದ ಸಂಗತಿಯೆಂದರೆ ಈ ಅಯೋಡಿನ್ ಪ್ರತಿ 8 ದಿನಕ್ಕೆ ಅರ್ಧದಷ್ಟು ಕುಗ್ಗುತ್ತದೆ. 80 ದಿನಗಳಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಆದುದರಿಂದ ಎಚ್ಚರಿಕೆ ಬಂದ ಕೂಡಲೇ ರಾಸುಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿ, ಮಾಡಿನ ಕೆಳಗಿರುವ ಒಣಹುಲ್ಲು ಮತ್ತು ಮುಚ್ಚಿಟ್ಟ ನೀರನ್ನು ಕೊಡಬೇಕು. ಬಯಲಿನ ಬಣವೆಗೆ ತಾಡಪತ್ರಿ ಹೊದಿಸಬೇಕು. ಧೂಳು ಬಿದ್ದ ಮೇಲೆ ಹೊದಿಸಿ ಫಲವಿಲ್ಲ, ಹಾಗಾದಲ್ಲಿ ಹೊರಪದರವನ್ನು ಬಿಟ್ಟು ಒಳಗಿನ ಹುಲ್ಲನ್ನು ತೆಗೆಯಬೇಕು. ಪರೀಕ್ಷೆಯಾಗುವವರೆಗೆ ಆ ಹಾಲನ್ನು ಮಕ್ಕಳಿಗೆ ಕುಡಿಸಕೂಡದು. ಕಾಯಿಸಿದರೆ ವಿಕಿರಣ ಹೋಗುವುದಿಲ್ಲ. ಬಯಲಲ್ಲಿ ಬೆಳೆದ ಸೊಪ್ಪಿಗೂ ಇದೇ ನಿಯಮ. ಮುಚ್ಚಿದ ಕಣಜದ ಕಾಳಿಗೆ ಭಯವಿಲ್ಲ.

ಅಯೋಡಿನ್ ಮಾತ್ರೆಗಳನ್ನು ಅಧಿಕಾರಿಗಳು ಹೇಳಿದಾಗ ಮಾತ್ರ, ಹೇಳಿದ ಪ್ರಮಾಣದಲ್ಲಿ ನುಂಗಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಅವಘಡವಾದಾಗ ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಆ ಉಪ್ಪಿನಿಂದ ರಕ್ಷಣೆ ಪಡೆಯಬೇಕೆಂದರೆ ಕಿಲೋಗಟ್ಟಲೆ ತಿನ್ನಬೇಕಾಗುತ್ತಿತ್ತು!

ಸೀಸಿಯಂ-137 ಹಾಗಲ್ಲ, ಅದು ಅರ್ಧವಾಗಲು 30 ವರ್ಷ ಬೇಕು. ಗಿಡ ಇದನ್ನು ಪೊಟ್ಯಾಶಿಯಂ ಎಂದೇ ಭಾವಿಸಿ ಹೀರುತ್ತದೆ. ಜೇಡಿ ಹೆಚ್ಚಿರುವ ಭೂಮಿ ಇದನ್ನು ಬಲವಾಗಿ ಹಿಡಿದಿಡುತ್ತದೆ. ಯಲಬುರ್ಗಾದ ಎರೆಭೂಮಿಗಿಂತ ಕುಷ್ಟಗಿಯ ಮಸಾರಿಯಲ್ಲಿ, ಅದೂ ಪೊಟ್ಯಾಶ್ ಕಡಿಮೆಯಿದ್ದರೆ, ಬೆಳೆಗೆ ಸೇರುವ ಸಂಭವ ಹೆಚ್ಚು. ಫುಕುಶಿಮಾದ ಭತ್ತದ ಗದ್ದೆಗಳಲ್ಲಿ ಪೊಟ್ಯಾಶ್ ಗೊಬ್ಬರ ಕೊಟ್ಟು ಅಕ್ಕಿಗೆ ಸೇರುವ ಸೀಸಿಯಂ ತಗ್ಗಿಸಿದರು. ಹಲವೆಡೆ ಮೇಲ್ಮಣ್ಣನ್ನೇ ಕೆರೆದು ತೆಗೆದರು. ಅಂತಹ ನೆಲವನ್ನು ಅವಸರದಿಂದ ಉಳಬಾರದು. ಉತ್ತರೆ ಮೇಲ್ಪದರದ ಧೂಳು ಒಳಕ್ಕಿಳಿದು, ಕೆರೆದು ತೆಗೆಯುವ ಅವಕಾಶ ತಪ್ಪುತ್ತದೆ.

ಕೈಗಾದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತುಯೋಜನೆ ಇದ್ದು, ಸ್ಥಾವರದ ಹೊರಗಿನ ಕ್ರಮಗಳ ಹೊಣೆ ಜಿಲ್ಲಾಧಿಕಾರಿಗಳದು. ಆ ವ್ಯಾಪ್ತಿಯ ಗ್ರಾಮಸೇವಕರು ಯಾವ ಮನೆಯಲ್ಲಿ ಎಷ್ಟು ಕರೆಯುವ ರಾಸು, ಎಷ್ಟು ದಿನದ ಮುಚ್ಚಿದ ಮೇವು ಇದೆಯೆಂಬ ಪಟ್ಟಿಯನ್ನು ಸುಗ್ಗಿಯ ನಂತರವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎರಡು ಹಸುಗಳಿಗೆ ದಿನಕ್ಕೆ 6 ಕಿಲೋದಂತೆ ಒಣಹುಲ್ಲು ಕೊಟ್ಟರೆ 30 ದಿನಕ್ಕೆ 360 ಕಿಲೋ ಬೇಕು. ಅಷ್ಟನ್ನು ಮಾಡಿನ ಕೆಳಗೆ ಇಟ್ಟುಕೊಂಡ ಮನೆಗೆ ಬರಗಾಲದಲ್ಲಿಯೂ ಅದು ಒದಗುತ್ತದೆ.