ಮೇಣಿಯ ಮೇಲಿನ ಭಾರ

ವಿಮಾನ ತರಬೇತಿಗೆ ಸೇರಿದ ಹೊಸದರಲ್ಲಿ, ಪ್ರತಿ ಸಿಮ್ಯುಲೇಟರ್ ಪಾಠದ ನಂತರ ನನ್ನ ನೋಟ್‌ಬುಕ್ಕಿನಲ್ಲಿ ಅವೇ ಮಾತುಗಳು ಉಳಿಯುತ್ತಿದ್ದವು: ಎತ್ತರ ಕಾಯ್ದುಕೋ, ಏರಿಳಿತದ ಮುಳ್ಳಿನ ಬೆನ್ನು ಹತ್ತಬೇಡ, ಕೈ ಸಡಿಲ ಬಿಡು. ಕೈ ಸಡಿಲ ಬಿಟ್ಟರೆ ವಿಮಾನದ ಮೂಗು ಬಾಗಿ ಎತ್ತರ ಇಳಿಯುತ್ತಿತ್ತು. ಎತ್ತರ ಹಿಡಿಯಲು ಹೋದರೆ ಕೈ ಬಿಗಿಯುತ್ತಿತ್ತು. ಇನ್ನೊಬ್ಬ ಬೋಧಕರು ಬಂದ ದಿನ ನಾಲ್ಕನೆಯ ಮಾತು ಸೇರಿತು: ಪವರ್ ಹೆಚ್ಚಿಸು. ದೇವದುರ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷೇ ತಿಳಿಯುತ್ತಿಲ್ಲವೇನೋ ಎಂದುಕೊಂಡು ತಲೆಯಾಡಿಸುತ್ತ ಎರಡು ವಾರ ಕಳೆದೆ.

ಆಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಸರ್, ಯಾವ ಕ್ಷಣದಲ್ಲಿ? ಆಗ ವೇಗ ಎಷ್ಟಿತ್ತು?" ಬೋಧಕರು ಹಾರಾಟವನ್ನು ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರು. ಸೆಸ್ನಾ 172, ಎತ್ತರ ಬದಲಿಸದೆ ವೇಗವನ್ನು 100 ನಾಟ್‌ನಿಂದ 75ಕ್ಕೆ ಇಳಿಸುವ ಅಭ್ಯಾಸ. ವೇಗ ಇಳಿದಂತೆ ಮೂಗು ಎತ್ತಿ ಹಿಡಿಯಬೇಕು, 75 ಬಂದೊಡನೆ ತಗ್ಗಿಸಿದ್ದ ಪವರ್‌ನಲ್ಲಿ ಸ್ವಲ್ಪ ಮರಳಿ ಕೊಡಬೇಕು, ಕೂಡಲೇ ಟ್ರಿಮ್ ಚಕ್ರ ತಿರುಗಿಸಿ ಕೈಯ ಭಾರ ಇಳಿಸಬೇಕು. ನಾನು ಟ್ರಿಮ್ ಮುಟ್ಟಿಯೇ ಇರಲಿಲ್ಲ! ಇಡೀ ಭಾರ ತೋಳಿನಲ್ಲಿತ್ತು. ತೋಳು ದಣಿದು ಅಲುಗಿದಾಗ ಎತ್ತರವೂ ಅಲುಗುತ್ತಿತ್ತು. ಏರಿಳಿತದ ಮುಳ್ಳು ಕೆಲವು ಸೆಕೆಂಡು ತಡವಾಗಿ ತೋರಿಸುತ್ತದೆ; ಅದನ್ನು ನೋಡಿ ಕೈ ತಿದ್ದುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ನಾಲ್ಕು ಮಾತಿನಲ್ಲಿ ಮೂರಕ್ಕೆ ಬೇರು ಒಂದೇ.

ನಮ್ಮ ಎರಿ ಹೊಲದಲ್ಲಿ ಗಳೆ ಹೊಡೆಯುವಾಗ ಕಾಕಾ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ನೇಗಿಲು ಮೇಲೇಳುತ್ತದೆ ಎಂದು ನಾನು ಮೈಭಾರವೆಲ್ಲ ಹಾಕಿ ಒತ್ತುತ್ತಿದ್ದೆ. "ಮೇಣಿ ಮ್ಯಾಲ ಭಾರ ಹಾಕಬ್ಯಾಡೋ ತಮ್ಮಾ, ನೊಗಕ್ಕ ಕಟ್ಟಿದ್ದು ನೋಡು" ಎಂದು ಎತ್ತು ನಿಲ್ಲಿಸಿ, ಕಟ್ಟು ಬಿಚ್ಚಿ ಬೇರೆ ಕಡೆ ಬಿಗಿಯುತ್ತಿದ್ದ. ಆಮೇಲೆ ನೇಗಿಲು ಹದವಾದ ಆಳದಲ್ಲಿ ತಾನೇ ಸಾಗುತ್ತಿತ್ತು.

ಒಂದು ವಿಷಯ ಮಾತ್ರ ಮೊದಲ ದಿನವೇ ತಿಳಿಯಬೇಕಿತ್ತು ಅನ್ನಿಸುತ್ತದೆ. ನಾವು ಕಲಿತ ಸಿಮ್ಯುಲೇಟರ್‌ನ ಹಿಡಿಗೆ ಬರೀ ಸ್ಪ್ರಿಂಗ್. ಟ್ರಿಮ್ ತಿರುಗಿಸಿದರೂ ಕೈಗೆ ಹಗುರ ತಿಳಿಯುವುದಿಲ್ಲ. ಚಕ್ರ ತಿರುಗಿಸುತ್ತಲೇ ಹಿಡಿಯನ್ನು ನಿಧಾನವಾಗಿ ನಡುವಿಗೆ ಬಿಡಬೇಕು, ಕಣ್ಣು ದಿಗಂತದ ಮೇಲಿರಬೇಕು.

ನಿಜವಾದ ಸೆಸ್ನಾದಲ್ಲಿ ಮೊದಲ ಸಲ ವೇಗ ಇಳಿಸಿದಾಗ ಹಿಡಿ ಕೈಯನ್ನು ಜಗ್ಗಿತು. ಟ್ರಿಮ್ ತಿರುಗಿಸಿದೆ. ಎರಡು ಬೆರಳು ಸಾಕಾದವು. ಪಕ್ಕದಲ್ಲಿದ್ದ ಬೋಧಕರು ಏನೂ ಹೇಳಲಿಲ್ಲ.