ಕಿರುಹಡಗಿನೊಳಗಿನ ಬೆಳಕು: ಟೈಟಾನಿಕ್ ಮಾದರಿಯ ರಚನೆಯೂ ದೀಪವ್ಯವಸ್ಥೆಯೂ

ಮಹಾನಗರದ ಜೀವನದಲ್ಲಿ ಬಿಡುವೆಂಬುದು ದುರ್ಲಭವಾದ ವಸ್ತು. ಕಚೇರಿ, ರೈಲು, ಬಸ್ಸಿನ ಸಾಲು, ಮಕ್ಕಳ ಪಾಠ ಇವುಗಳ ನಡುವೆ ದೊರೆಯುವ ಅಲ್ಪಸ್ವಲ್ಪ ವೇಳೆಯನ್ನು ಹೇಗೆ ಕಳೆಯಬೇಕೆಂಬುದು ಅನೇಕ ಗೃಹಸ್ಥರ ಪ್ರಶ್ನೆ. ನಿವೃತ್ತರ ಪ್ರಶ್ನೆಯಾದರೋ ಇದಕ್ಕೆ ವಿರುದ್ಧವಾದುದು. ಅವರಿಗೆ ವೇಳೆಯುಂಟು, ಕೆಲಸವಿಲ್ಲ. ಕಣ್ಣು, ಕೈ, ಬುದ್ಧಿ ಈ ಮೂರಕ್ಕೂ ಏಕಕಾಲದಲ್ಲಿ ಕೆಲಸ ಕೊಡುವ ಹವ್ಯಾಸಗಳಲ್ಲಿ ಹಡಗಿನ ಮಾದರಿಯನ್ನು ಕಟ್ಟುವುದು ಒಂದು. ಕಟ್ಟಿದ ಹಡಗಿನೊಳಗೆ ದೀಪಗಳನ್ನು ಅಳವಡಿಸಿದರೆ ಅದು ಭೌತಶಾಸ್ತ್ರದ ಪಾಠವೂ ಆಗುತ್ತದೆ, ಇತಿಹಾಸದ ಪಾಠವೂ ಆಗುತ್ತದೆ. ಜಗತ್ತಿನ ಮಾದರಿಕಾರರು ಬಹಳವಾಗಿ ಆರಿಸಿಕೊಂಡಿರುವ ಟೈಟಾನಿಕ್ ಹಡಗನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೂಲ ಹಡಗಿನ ಪರಿಚಯ

ಟೈಟಾನಿಕ್ ಹಡಗನ್ನು ಬೆಲ್‌ಫಾಸ್ಟ್ ನಗರದ ಹಾರ್ಲಂಡ್ ಅಂಡ್ ವೂಲ್ಫ್ ಕಾರ್ಖಾನೆಯಲ್ಲಿ ಕಟ್ಟಲಾಯಿತು. 1911ರ ಮೇ 31ರಂದು ಅದನ್ನು ನೀರಿಗಿಳಿಸಲಾಯಿತು. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿನ ಕಡೆಗೆ ಹೊರಟ ಹಡಗು, 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಹಿಮಗಡ್ಡೆಗೆ ತಾಗಿ, 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಮುಳುಗಿತು. ಹಡಗಿನಲ್ಲಿದ್ದ ಸುಮಾರು 2,200 ಜನರಲ್ಲಿ ಸುಮಾರು 1,500 ಜನ ಮಡಿದರು.

ಅದರ ಉದ್ದ 882 ಅಡಿ 9 ಅಂಗುಲ, ಅಂದರೆ ಸುಮಾರು 269 ಮೀಟರು. ಅಗಲ ಸುಮಾರು 28 ಮೀಟರು. ತಳದಿಂದ ಹೊಗೆಕೊಳವೆಗಳ ತುದಿಯವರೆಗಿನ ಎತ್ತರ ಸುಮಾರು 175 ಅಡಿ. ಹೊಗೆಕೊಳವೆಗಳು ನಾಲ್ಕಿದ್ದರೂ ಬಾಯ್ಲರುಗಳ ಹೊಗೆ ಹೊರಬರುತ್ತಿದ್ದುದು ಮೊದಲ ಮೂರರಿಂದ ಮಾತ್ರ. ನಾಲ್ಕನೆಯದು ಮುಖ್ಯವಾಗಿ ಗಾಳಿಯ ಸಂಚಾರಕ್ಕಾಗಿ ಇತ್ತು.

ಹಡಗಿನೊಳಗೆ ಸುಮಾರು 10,000 ವಿದ್ಯುದ್ದೀಪಗಳಿದ್ದವು. ಅವುಗಳಿಗೆ ಬೇಕಾದ ವಿದ್ಯುತ್ತನ್ನು ತಲಾ 400 ಕಿಲೊವಾಟ್ ಸಾಮರ್ಥ್ಯದ, ಉಗಿಯಿಂದ ನಡೆಯುವ ನಾಲ್ಕು ಜನರೇಟರುಗಳು 100 ವೋಲ್ಟಿನಲ್ಲಿ ಒದಗಿಸುತ್ತಿದ್ದವು. ತುರ್ತು ಸಂದರ್ಭಕ್ಕೆಂದು ತಲಾ 30 ಕಿಲೊವಾಟಿನ ಎರಡು ಯಂತ್ರಗಳನ್ನು ನೀರಿನ ಮಟ್ಟಕ್ಕಿಂತ ಮೇಲಿನ ಅಂತಸ್ತಿನಲ್ಲಿ ಇರಿಸಿದ್ದರು.

ಪ್ರಮಾಣದ ಲೆಕ್ಕ

ಮಾದರಿಕಾರನು ಮೊದಲು ನಿರ್ಧರಿಸಬೇಕಾದುದು ಪ್ರಮಾಣವನ್ನು. 350ಕ್ಕೆ 1ರ ಪ್ರಮಾಣದಲ್ಲಿ ಹಡಗಿನ ಉದ್ದ ಸುಮಾರು 77 ಸೆಂಟಿಮೀಟರು, ಅಗಲ 8 ಸೆಂಟಿಮೀಟರು, ಎತ್ತರ 15 ಸೆಂಟಿಮೀಟರು ಆಗುತ್ತದೆ. 200ಕ್ಕೆ 1ರ ಪ್ರಮಾಣದಲ್ಲಿ ಉದ್ದ ಸುಮಾರು 1 ಮೀಟರು 35 ಸೆಂಟಿಮೀಟರಿಗೆ ಏರುತ್ತದೆ. 700ಕ್ಕೆ 1ರಲ್ಲಿ ಅದು 38 ಸೆಂಟಿಮೀಟರಿಗೆ ಇಳಿಯುವುದರಿಂದ ಒಳಗೆ ತಂತಿ ಎಳೆಯುವುದು ಬಹಳ ಕಷ್ಟ. ಎರಡು ಕೋಣೆಯ ಮನೆಯ ಗೋಡೆಹಲಗೆಯ ಮೇಲೆ ಕೂರಬಲ್ಲದು, ಒಳಗೆ ದೀಪಕ್ಕೂ ಸ್ಥಳವಿರುವುದು ಎಂಬ ಕಾರಣಗಳಿಂದ 350ಕ್ಕೆ 1ರ ಪ್ರಮಾಣವೇ ಅನುಕೂಲ. ಈ ಪ್ರಮಾಣದಲ್ಲಿ ಐದೂವರೆ ಅಡಿ ಎತ್ತರದ ಮನುಷ್ಯನು 5 ಮಿಲಿಮೀಟರಿಗಿಂತ ಕಡಿಮೆಯಾಗುತ್ತಾನೆ. ಒಂದಡಿ ವ್ಯಾಸದ ದುಂಡುಕಿಂಡಿ 1 ಮಿಲಿಮೀಟರಿಗೂ ಕಡಿಮೆಯಾಗುತ್ತದೆ.

ಹಳೆಯ ಛಾಯಾಚಿತ್ರಗಳನ್ನು ನೋಡಿ ಕೆಲಸ ಮಾಡುವವರು ಎಚ್ಚರ ವಹಿಸಬೇಕು. ಟೈಟಾನಿಕ್‌ನ ಅಕ್ಕಹಡಗಾದ ಒಲಿಂಪಿಕ್‌ನ ಚಿತ್ರಗಳು ಅನೇಕ ಪುಸ್ತಕಗಳಲ್ಲಿ ಟೈಟಾನಿಕ್‌ನವೆಂದೇ ಅಚ್ಚಾಗಿವೆ. ಮೇಲಿನ ‘ಎ’ ಡೆಕ್ಕಿನ ಮುಂಭಾಗದ ಅರ್ಧವು ಕಿಟಕಿಗಳಿಂದ ಮುಚ್ಚಿದ್ದರೆ ಅದು ಟೈಟಾನಿಕ್. ಡೆಕ್ಕು ಉದ್ದಕ್ಕೂ ತೆರೆದಿದ್ದರೆ ಅದು ಒಲಿಂಪಿಕ್.

ಒಡಲಿನ ಸಿದ್ಧತೆ

ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಭಾಗಗಳ ಮೇಲೆ ಅಚ್ಚಿನ ಎಣ್ಣೆಯ ಅಂಶ ಉಳಿದಿರಬಹುದು. ಆದ್ದರಿಂದ ಅವುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬಣ್ಣ ಸರಿಯಾಗಿ ಹಿಡಿಯಲಾರದು. ಭಾಗಗಳನ್ನು ಚೌಕಟ್ಟಿನಿಂದ ಮುರಿದು ತೆಗೆಯದೆ ಕತ್ತರಿಸಿಯೇ ತೆಗೆಯಬೇಕು. ಉಳಿದ ಮೊಳಕೆಯನ್ನು ಸಣ್ಣ ಅರದಿಂದಲೂ ಉಪ್ಪುಕಾಗದದಿಂದಲೂ ಸವರಬೇಕು. ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಬಳಸಿದರೆ ಧೂಳು ಏಳದು.

ಅನಂತರದ್ದು ಅತ್ಯಂತ ತಾಳ್ಮೆಯ ಕೆಲಸ. ಒಡಲಿನ ಎರಡು ಮಗ್ಗುಲಲ್ಲಿಯೂ ಸಾಲುಸಾಲಾಗಿರುವ ನೂರಾರು ದುಂಡುಕಿಂಡಿಗಳನ್ನು ಒಂದೊಂದಾಗಿ ಕೊರೆಯಬೇಕು. ಇದಕ್ಕೆ 0.8 ಮಿಲಿಮೀಟರಿನ ಮೊನೆ ಸಿಕ್ಕಿಸಿದ, ಕೈಯಿಂದ ತಿರುಗಿಸುವ ಪುಟ್ಟ ಬೈರಿಗೆಯೇ ಉತ್ತಮ. ವಿದ್ಯುತ್ ಬೈರಿಗೆಯ ವೇಗಕ್ಕೆ ಪ್ಲಾಸ್ಟಿಕ್ ಬಿಸಿಯಾಗಿ ಕರಗಿ, ಕಿಂಡಿಯ ಅಂಚು ಮುದ್ದೆಗಟ್ಟುತ್ತದೆ. ದಿನಕ್ಕೆ ಐವತ್ತು ಕಿಂಡಿಗಳೆಂದು ನಿಯಮ ಮಾಡಿಕೊಂಡವರು ಬೇಸರವಿಲ್ಲದೆ ಮುಗಿಸುತ್ತಾರೆ. ಒಂದೇ ಭಾನುವಾರದಲ್ಲಿ ಮುಗಿಸಹೊರಟವರ ಸಾಲು ಡೊಂಕಾಗುತ್ತದೆ.

ಬೆಳಕನ್ನು ತಡೆಯುವ ಬಗೆ

ಹೊಸಬರಿಗೆ ವಿಚಿತ್ರವೆನಿಸಬಹುದಾದರೂ, ದೀಪದ ಮಾದರಿಯಲ್ಲಿ ಬೆಳಕನ್ನು ತರುವುದಕ್ಕಿಂತ ಬೆಳಕನ್ನು ತಡೆಯುವುದೇ ದೊಡ್ಡ ಕೆಲಸ. ತೆಳುವಾದ ಪ್ಲಾಸ್ಟಿಕ್ ಗೋಡೆಯ ಮೂಲಕ ಬೆಳಕು ಹಾಯುತ್ತದೆ. ಏನೂ ಮಾಡದೆ ದೀಪ ಹಚ್ಚಿದರೆ ಕಿಂಡಿಗಳು ಹೊಳೆಯುವ ಬದಲು ಇಡೀ ಹಡಗು ಕಾಗದದ ಆಕಾಶಬುಟ್ಟಿಯಂತೆ ಮಿನುಗುತ್ತದೆ. ಇದಕ್ಕೆ ಪರಿಹಾರ ಸರಳ. ಒಡಲಿನ ಒಳಮೈಗೆ ಮೊದಲು ಕಪ್ಪು ಬಣ್ಣವನ್ನು ಎರಡು ಸಲ ಬಳಿಯಬೇಕು. ಅದು ಬೆಳಕನ್ನು ತಡೆಯುತ್ತದೆ. ಒಣಗಿದ ಮೇಲೆ ಅದರ ಮೇಲೆಯೇ ಬಿಳಿಯ ಬಣ್ಣ ಬಳಿಯಬೇಕು. ಅದು ಬೆಳಕನ್ನು ಪ್ರತಿಫಲಿಸಿ ಒಳಗೆಲ್ಲ ಸಮನಾಗಿ ಹರಡುತ್ತದೆ. ಡೆಕ್ಕು ಒಡಲಿಗೆ ಸೇರುವ ಸಂದುಗಳನ್ನು ಅಲ್ಯುಮಿನಿಯಂ ಹಾಳೆಯ ಪಟ್ಟಿಯಿಂದ ಮುಚ್ಚಬೇಕು.

ಹೊರಗಿನ ಬಣ್ಣವನ್ನು ಕಿಂಡಿಗಳಿಗೆ ಗಾಜು ತುಂಬುವ ಮೊದಲೇ ಬಳಿದಿರಬೇಕು. ನೀರಿನ ಮಟ್ಟದ ಕೆಳಗೆ ಕೆಂಪು, ಮೇಲೆ ಕಪ್ಪು, ಅದರ ಮೇಲಂಚಿನಲ್ಲಿ ಎಳೆಯಂತಹ ಹಳದಿ ಗೆರೆ, ಮೇಲಿನ ಅಂತಸ್ತುಗಳಿಗೆ ಬಿಳುಪು, ಹೊಗೆಕೊಳವೆಗಳಿಗೆ ಕಂದುಹಳದಿ, ಅವುಗಳ ತುದಿಗೆ ಕಪ್ಪು: ಇದು ಟೈಟಾನಿಕ್‌ನ ವರ್ಣಕ್ರಮ. ಬಣ್ಣ ಒಣಗಿದ ಬಳಿಕ, ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟನ್ನು ಕಡ್ಡಿಯ ತುದಿಯಿಂದ ಪ್ರತಿ ಕಿಂಡಿಗೂ ಸವರಿದರೆ ಅದೇ ಗಾಜಾಗುತ್ತದೆ.

ದೀಪಗಳ ಅಳವಡಿಕೆ

ಹಿಂದಿನ ಮಾದರಿಕಾರರು ಗೋಧಿಕಾಳಿನಷ್ಟು ದೊಡ್ಡ ತಂತುದೀಪಗಳನ್ನು ಬಳಸುತ್ತಿದ್ದರು. ಅವು ಬಿಸಿಯಾಗುತ್ತಿದ್ದವು, ಕೆಟ್ಟರೆ ಮುಚ್ಚಿದ ಒಡಲನ್ನು ಒಡೆಯದೆ ಬದಲಾಯಿಸುವಂತಿರಲಿಲ್ಲ. ಎಲ್‌ಇಡಿ ದೀಪಗಳು ಬಂದ ಮೇಲೆ ಈ ತೊಂದರೆ ನಿವಾರಣೆಯಾಗಿದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್, ಪುಣೆಯ ಬುಧವಾರ ಪೇಟೆ, ಹೈದರಾಬಾದಿನ ಕೋಠಿ ಇಲ್ಲೆಲ್ಲ ಅವು ಬಿಡಿಯಾಗಿ ದೊರೆಯುತ್ತವೆ. ಬೆಳ್ಳಗೆ ನೀಲಿಗಟ್ಟಿದ ಬೆಳಕಿನವನ್ನು ಬಿಟ್ಟು ಹಳದಿ ಛಾಯೆಯವನ್ನೇ ಆರಿಸಬೇಕು. 1912ರ ತಂತುದೀಪಗಳ ಬೆಳಕು ಹಳದಿಯಾಗಿತ್ತೇ ಹೊರತು ಇಂದಿನ ಟ್ಯೂಬ್‌ಲೈಟಿನಂತಿರಲಿಲ್ಲ.

ಇಂತಹ ಒಂದು ದೀಪಕ್ಕೆ ಸುಮಾರು 3 ವೋಲ್ಟು ಸಾಕು. 12 ವೋಲ್ಟಿನ ಅಡಾಪ್ಟರನ್ನು ಬಳಸುವಾಗ ಮೂರು ದೀಪಗಳನ್ನು ಒಂದರ ಹಿಂದೊಂದಾಗಿ ಸರಪಳಿಯಂತೆ ಜೋಡಿಸಿದರೆ 9 ವೋಲ್ಟು ಅವುಗಳಿಗೆ ಹೋಗುತ್ತದೆ. ಉಳಿದ 3 ವೋಲ್ಟನ್ನು ಒಂದು ರೆಸಿಸ್ಟರು ಹೊರಬೇಕು. 330 ಓಮಿನ ರೆಸಿಸ್ಟರನ್ನು ಸೇರಿಸಿದರೆ, ಓಮನ ನಿಯಮದಂತೆ 3ನ್ನು 330ರಿಂದ ಭಾಗಿಸಿ, ಸುಮಾರು 9 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಸಾಮಾನ್ಯವಾಗಿ ಈ ದೀಪಗಳು ತಾಳುವ ಮಿತಿ 20 ಮಿಲಿಆಂಪಿಯರ್ ಆದುದರಿಂದ ಅವು ಅರ್ಧ ಭಾರದಲ್ಲಿ ಬಹುಕಾಲ ಬಾಳುತ್ತವೆ. 60 ದೀಪಗಳಿಗೆ ಇಂತಹ 20 ಸರಪಳಿಗಳು ಬೇಕು. ಒಟ್ಟು ಪ್ರವಾಹ 180 ಮಿಲಿಆಂಪಿಯರ್, ಒಟ್ಟು ಖರ್ಚು 2 ವಾಟಿಗಿಂತ ಸ್ವಲ್ಪ ಹೆಚ್ಚು. ಪ್ರತಿ ಸರಪಳಿಗೂ ಅದರದೇ ರೆಸಿಸ್ಟರು ಇರಬೇಕು. ಆಗ ಒಂದು ಸರಪಳಿ ಕೆಟ್ಟರೂ ಮೂರೇ ದೀಪಗಳು ಆರುತ್ತವೆ, ಉಳಿದವು ಉರಿಯುತ್ತವೆ. ರೆಸಿಸ್ಟರುಗಳನ್ನು ಮರದ ಪೀಠದೊಳಗಿರಿಸಿ, ಹಡಗನ್ನು ಹೊತ್ತ ಹಿತ್ತಾಳೆಯ ಕೊಳವೆಗಳ ಮೂಲಕ ತಂತಿಗಳನ್ನು ಮೇಲೆ ಒಯ್ಯಬಹುದು.

ದೀಪದ ಮುಖ ಕಿಂಡಿಯ ಕಡೆಗಿರದೆ ಬಿಳಿಯ ಒಳಗೋಡೆಯ ಕಡೆಗಿರಬೇಕು. ಇಲ್ಲವಾದರೆ ಒಂದು ಕಿಂಡಿ ಕಣ್ಣುಕುಕ್ಕುತ್ತದೆ, ಪಕ್ಕದ್ದು ಮಂಕಾಗುತ್ತದೆ. ಡೆಕ್ಕನ್ನು ಅಂಟಿಸುವ ಮೊದಲು ಎಲ್ಲ ದೀಪಗಳನ್ನೂ ಒಂದು ಇಡೀ ದಿನ ಕಣ್ಣೆದುರಿನಲ್ಲಿ ಉರಿಸಿ ಪರೀಕ್ಷಿಸಬೇಕು. ಅಂಟಿಸಿದ ಮೇಲೆ ತಿಳಿದ ದೋಷವನ್ನು ತಿದ್ದುವುದು ಕಷ್ಟ.

ಎಲ್ಲಿ ಬೆಳಕು, ಎಲ್ಲಿ ಕತ್ತಲೆ

ಎಲ್ಲ ಕಿಟಕಿಗಳನ್ನೂ ಒಂದೇ ಸಮನೆ ಬೆಳಗಿಸಿದರೆ ಮಾದರಿ ಮದುವೆಮನೆಯ ಚಪ್ಪರದಂತಾಗುತ್ತದೆ. ನಿಜವಾದ ಹಡಗಿನಲ್ಲಿ ರಾತ್ರಿಯ ವೇಳೆ ಕಪ್ತಾನನ ಸೇತುವೆಯೂ ಅದರ ಮುಂದಿನ ಭಾಗವೂ ಕತ್ತಲಾಗಿರುತ್ತಿದ್ದವು. ಮುಂದೆ ನೋಡುವ ಕಾವಲಿನವರ ಕಣ್ಣಿಗೆ ಬೆಳಕು ಬಿದ್ದರೆ ಕತ್ತಲೆಯ ಸಮುದ್ರ ಕಾಣದು. ಏಪ್ರಿಲ್ 14ರ ಸಂಜೆ ಅಧಿಕಾರಿ ಮರ್ಡಾಕ್, ಮುಂಭಾಗದ ಒಂದು ಬಾಗಿಲಿನಿಂದ ಬೆಳಕು ಬರುತ್ತಿರುವುದನ್ನು ಕಂಡು, ಅದನ್ನು ಮುಚ್ಚುವಂತೆ ದೀಪದ ಕೆಲಸಗಾರ ಹೆಮಿಂಗನಿಗೆ ಆಜ್ಞಾಪಿಸಿದ್ದನು. ಆದುದರಿಂದ ಬಲ್ಲ ಮಾದರಿಕಾರನು ಮುಂಭಾಗವನ್ನು ಕತ್ತಲಾಗಿಯೇ ಬಿಡುತ್ತಾನೆ. ಅಲ್ಲಲ್ಲಿ ಕೆಲವು ಕಿಂಡಿಗಳ ಹಿಂದೆ ಕಪ್ಪು ಕಾಗದ ಅಂಟಿಸಿ ಮಲಗಿರುವ ಪ್ರಯಾಣಿಕರ ಕೋಣೆಗಳನ್ನು ಸೂಚಿಸುತ್ತಾನೆ. ಮುಂಗಂಬದ ಬಿಳಿಯ ದೀಪಕ್ಕೆ ಕೂದಲಿನಂತಹ ಬೆಳಕುನಾರನ್ನು ಏರಿಸಬಹುದು. ಎಡ ಮಗ್ಗುಲಿನ ನಾರಿನ ತುದಿಗೆ ಕೆಂಪು, ಬಲ ಮಗ್ಗುಲಿನದಕ್ಕೆ ಹಸಿರು ಪಾರದರ್ಶಕ ಬಣ್ಣ ಮುಟ್ಟಿಸಿದರೆ ದಿಕ್ಸೂಚಕ ದೀಪಗಳು ಸಿದ್ಧ.

ಆರೋಗ್ಯದ ಎಚ್ಚರಿಕೆಗಳು

ಮಹಾನಗರದ ಚಿಕ್ಕ ಮನೆಯಲ್ಲಿ ಊಟದ ಮೇಜೇ ಮಕ್ಕಳ ಓದಿನ ಮೇಜು. ಅದೇ ಹಡಗಿನ ಕಾರ್ಖಾನೆಯೂ ಆಗುವುದುಂಟು. ಇಲ್ಲಿಯೇ ಅಪಾಯವಿರುವುದು. ಪ್ಲಾಸ್ಟಿಕ್ ಅಂಟು ಮತ್ತು ತಿನ್ನರಿನ ಆವಿಯನ್ನು ಮುಚ್ಚಿದ ಕೋಣೆಯಲ್ಲಿ ಸೇವಿಸಿದರೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಕಿಟಕಿ ತೆರೆದಿರಬೇಕು, ಫ್ಯಾನಿನ ಗಾಳಿ ಆವಿಯನ್ನು ಹೊರಗೆ ತಳ್ಳುವಂತಿರಬೇಕು, ಹತ್ತಿರದಲ್ಲಿ ಒಲೆಯಾಗಲಿ ದೇವರ ದೀಪವಾಗಲಿ ಉರಿಯುತ್ತಿರಬಾರದು. ಬೆಸುಗೆಯ ಹೊಗೆ ಉಬ್ಬಸದವರಿಗೆ ಕೇಡು. ಬೆಸುಗೆಯ ತಂತಿಯಲ್ಲಿ ಸೀಸವಿರಬಹುದಾದುದರಿಂದ ಕೆಲಸದ ನಂತರ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಊಟದ ಮೇಜಿನ ಮೇಲೆ ಬೆಸೆಯಲೇಬಾರದು.

ತಕ್ಷಣ ಹಿಡಿಯುವ ಅಂಟಿನಿಂದ ಬೆರಳುಗಳು ಕೂಡಿಕೊಂಡರೆ ಎಳೆಯದೆ, ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ ಮೆಲ್ಲನೆ ಬಿಡಿಸಬೇಕು. ಅದು ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆದು, ರೆಪ್ಪೆಯನ್ನು ಬಲಾತ್ಕಾರವಾಗಿ ತೆರೆಯದೆ, ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ನಲವತ್ತು ದಾಟಿದವರು ಚಾಳೀಸು ಕನ್ನಡಕವನ್ನೂ ಕಾಲಿಗೆ ನಿಲ್ಲಿಸಿದ ಭೂತಗನ್ನಡಿಯನ್ನೂ ಬಳಸಲು ಸಂಕೋಚಪಡಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೂ ಕತ್ತಿಗೂ ವಿಶ್ರಾಂತಿ ದೊರೆಯುತ್ತದೆ. ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಾಪಾಯವುಂಟಾದುದರಿಂದ ಅದನ್ನು ಮನೆಯಲ್ಲಿ ಬಳಸದಿರುವುದೇ ಲೇಸು.

ಮಾದರಿ ಕಲಿಸುವ ಪಾಠ

ಮುಗಿದ ಮಾದರಿಯ ಮುಂದೆ ಮಕ್ಕಳನ್ನು ಕೂರಿಸಿ ಪ್ರಾಣರಕ್ಷಕ ದೋಣಿಗಳನ್ನು ಎಣಿಸುವಂತೆ ಹೇಳಬೇಕು. ಮರದ ದೊಡ್ಡ ದೋಣಿಗಳು 14, ಚಿಕ್ಕವು 2, ಮಡಿಸುವಂಥವು 4, ಒಟ್ಟು 20. ಅವುಗಳಲ್ಲಿ ಹಿಡಿಯುತ್ತಿದ್ದವರು 1,178 ಜನ. ಹಡಗಿನಲ್ಲಿ ಎಷ್ಟು ಜನರಿದ್ದರೆಂಬುದನ್ನು ಮೇಲೆ ಹೇಳಿದೆ. ಈ ವ್ಯವಕಲನದ ಅರ್ಥವನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ದೀಪಗಳದು ಇನ್ನೊಂದು ಪಾಠ. ಹಿಮಗಡ್ಡೆ ತಾಗಿದ ಮೇಲೆ ಹಡಗು ಎರಡು ಗಂಟೆ ನಲವತ್ತು ನಿಮಿಷ ತೇಲಿತು. ಅಷ್ಟು ಹೊತ್ತೂ, ಮುಳುಗುವುದಕ್ಕೆ ಕೆಲವೇ ನಿಮಿಷಗಳ ಮುಂಚಿನವರೆಗೂ, ಅದರ ದೀಪಗಳು ಉರಿಯುತ್ತಲೇ ಇದ್ದವು. ಆ ಬೆಳಕಿನಲ್ಲಿಯೇ ದೋಣಿಗಳು ಇಳಿದವು. ಮುಖ್ಯ ಇಂಜಿನಿಯರ್ ಜೋಸೆಫ್ ಬೆಲ್ ಮತ್ತು ಅವನ ಸಂಗಡಿಗರು ಉಗಿಯನ್ನೂ ವಿದ್ಯುತ್ತನ್ನೂ ಕಾಯ್ದುಕೊಂಡು ಬಂದುದರಿಂದಲೇ ಅದು ಸಾಧ್ಯವಾಯಿತು. ಹಡಗಿನ ಇಂಜಿನಿಯರ್ ಅಧಿಕಾರಿಗಳಲ್ಲಿ ಒಬ್ಬನೂ ಬದುಕಿ ಉಳಿಯಲಿಲ್ಲ. 1914ರಲ್ಲಿ ಸೌತಾಂಪ್ಟನ್ ನಗರದಲ್ಲಿ ಅವರ ಸ್ಮಾರಕ ನಿಂತಿತು.

ಕಿರುಹಡಗಿನೊಳಗೆ ಅರವತ್ತು ದೀಪಗಳನ್ನು ಬೆಳಗಿಸಲು ಎಷ್ಟು ತಿಂಗಳ ಶ್ರಮ ಬೇಕೆಂಬುದನ್ನು ಬಲ್ಲವನು, ಇಳಿಯುತ್ತಿರುವ ಹಡಗಿನಲ್ಲಿ ಹತ್ತು ಸಾವಿರ ದೀಪಗಳನ್ನು ಆರದಂತೆ ಕಾಯ್ದವರ ಕರ್ತವ್ಯನಿಷ್ಠೆಯನ್ನು ಚೆನ್ನಾಗಿ ತಿಳಿಯಬಲ್ಲನು. ಆತುರವಿಲ್ಲದೆ, ಆರೋಗ್ಯವನ್ನು ಕಾಪಾಡಿಕೊಂಡು, ಮನೆಮಂದಿಯನ್ನೂ ಜೊತೆಗೂಡಿಸಿಕೊಂಡು ಮಾಡಿದ ಈ ಕೆಲಸ ಬಿಡುವಿನ ವೇಳೆಗೆ ಸಾರ್ಥಕತೆಯನ್ನು ತರುವುದರಲ್ಲಿ ಸಂದೇಹವಿಲ್ಲ.