ಹಬ್ಬದ ಪಾನಕಕ್ಕೆ ತೋಟದ ಹಣ್ಣೇ ಸಾಕು

ಯುಗಾದಿಯಿಂದ ರಾಮನವಮಿಗೆ ಸುಮಾರು ಒಂದು ವಾರದಲ್ಲೇ ಬಂದುಬಿಡುತ್ತೇವೆ. ಬಿಸಿಲು ಏರುವ ಕಾಲ, ಮನೆ ತುಂಬ ನೆಂಟರು. ಬಂದವರಿಗೆ ಕೊಡಲು ಪೇಟೆಯಿಂದ ಬಾಟ್ಲಿ ಪಾನೀಯ ತರುವ ರೂಢಿ ಹಳ್ಳಿಗೂ ಬಂದಿದೆ. ಅದೇ ಹೊತ್ತಿಗೆ ತೋಟದಲ್ಲಿ ಬಾಳೆಗೊನೆ ಮಾಗಿ ಕಪ್ಪಾಗುತ್ತದೆ, ಪರಂಗಿ ಹಕ್ಕಿಗಳ ಪಾಲಾಗುತ್ತದೆ, ನಿಂಬೆ ಬುಡದಲ್ಲೇ ಕೊಳೆಯುತ್ತದೆ. ಹಣ್ಣು ಬೆಳೆಯುವವರೂ ನಾವೇ, ಬಣ್ಣದ ನೀರು ಕೊಳ್ಳುವವರೂ ನಾವೇ!

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ನಡುವೆ ಬಾಳೆ, ಬೇಲಿ ಬದಿಗೆ ನಿಂಬೆ. ಜಗಳೂರು ಕಡೆಯ ನೆಂಟರು ಬರುವಾಗ ಬೇಲದ ಹಣ್ಣು ತರುತ್ತಾರೆ. ಕರಬೂಜಕ್ಕೆ ಹೊನ್ನಾಳಿ, ನ್ಯಾಮತಿ ಸಂತೆ ಇದ್ದೇ ಇದೆ. ಇಷ್ಟರಲ್ಲೇ ನಮ್ಮ ಹಬ್ಬದ ಪಾನಕ ಮುಗಿಯುತ್ತದೆ.

ನನ್ನ ಮಟ್ಟಿಗೆ ಬೇಲದ್ದೇ ಮೊದಲು. ಹಣ್ಣಾಗಿದೆಯೋ ಇಲ್ಲವೋ ತಿಳಿಯಬೇಕೇ? ಒಂದಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಟಿದರೆ ಇನ್ನೂ ಕಾಯಿ, ಕೂತರೆ ಹಣ್ಣು. ಎರಡು ಹಣ್ಣಿನ ತಿರುಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಕೈಯಲ್ಲಿ ಕಿವುಚಿ, ನಾರು ಬೀಜ ಹೋಗುವಂತೆ ಸೋಸಿ. ಕಾಲು ಕಿಲೋ ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿಯೇ ಸೇರಿಸಿ, ಇಲ್ಲದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಒಟ್ಟು 2 ಲೀಟರ್ ಆಗುವಷ್ಟು ನೀರು, 4 ಏಲಕ್ಕಿ, ಚಿಟಿಕೆ ಒಣಶುಂಠಿ ಪುಡಿ, ಚಿಟಿಕೆ ಉಪ್ಪು. ಹತ್ತು ಜನಕ್ಕೆ ಸಾಕು.

ಮಕ್ಕಳಿಗೆ ಬೆರಕೆ ಪಾನಕ ಇಷ್ಟ. ಅರ್ಧ ಕರಬೂಜ, 3 ಬಾಳೆಹಣ್ಣು, 2 ನಿಂಬೆ. ಬಾಳೆ ಕಿವುಚಿದ ಕೂಡಲೇ ನಿಂಬೆರಸ ಬಿದ್ದರೆ ಕಪ್ಪಾಗುವುದಿಲ್ಲ. ನಿಂಬೆಯ ಬೀಜ ಅರೆಯಬಾರದು, ಕಹಿ ಬಿಡುತ್ತದೆ. ಕರಬೂಜ, ಪರಂಗಿಗೆ ಹಾಲು ಬೆರೆಸುವವರಿದ್ದಾರೆ. ಆಗಲೇ ಕುಡಿದರೆ ಚೆನ್ನ. ಇಟ್ಟರೆ ಹಣ್ಣಿನ ಕಿಣ್ವ ಹಾಲನ್ನು ಮುರಿದು ಕಹಿ ಮಾಡುತ್ತದೆ.

ಇನ್ನು ಪಾತ್ರೆಯ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕೆ ಎನ್ನಿ. ಹಬ್ಬ ಬಂದರೆ ಅಟ್ಟದ ಹಿತ್ತಾಳೆ ಕೊಳಗ ಕೆಳಗಿಳಿಯುತ್ತದೆ. ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡುತ್ತೇವೆ. ಆದರೆ ಒಳಗಿನ ಕಲಾಯಿ? ಕಲಾಯಿ ಹಾಕುವವರು ಊರೂರಿಗೆ ಬರುವ ಕಾಲ ಹೋಯಿತು. ಕಲಾಯಿ ಕಿತ್ತ ಹಿತ್ತಾಳೆ, ತಾಮ್ರದಲ್ಲಿ ಹುಳಿ ಪಾನಕ ನಿಂತರೆ ತಾಮ್ರ ಕರಗಿ ಪಾನಕಕ್ಕೆ ಸೇರುತ್ತದೆ. ಕುಡಿದವರಿಗೆ ವಾಂತಿ, ಹೊಟ್ಟೆನೋವು, ಭೇದಿ. ಹುಣಸೆಹುಳಿ ತಾಮ್ರದ ಕಿಲುಬನ್ನು ತೆಗೆಯುವುದನ್ನು ದಿನಾ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟೀಲು ಇಲ್ಲವೇ ಮಣ್ಣಿನ ಗಡಿಗೆ ಬಳಸಿ. ಕೊಳಗ ಬೇಕೇ ಬೇಕೆಂದರೆ ಪಕ್ಕದಲ್ಲಿ ನೀರು ತುಂಬಿಡಲಿ, ಅಂದ ಅಷ್ಟೇ ಇರುತ್ತದೆ.

ಪಾನಕವನ್ನು ಯಾರೂ ಕುದಿಸುವುದಿಲ್ಲ, ಹಾಗಾಗಿ ನೀರನ್ನಾದರೂ ಹಿಂದಿನ ರಾತ್ರಿ ಕುದಿಸಿ ಆರಿಸಿ, ಗಡಿಗೆಗೆ ಹಾಕಿ ಒದ್ದೆ ಬಟ್ಟೆ ಸುತ್ತಿಡಿ. ಬೆಳಿಗ್ಗೆಗೆ ತಣ್ಣಗಿರುತ್ತದೆ. ಪೇಟೆಯ ಮಂಜುಗಡ್ಡೆ ಬೇಡ. ಮೀನು ಕೆಡದಿರಲೆಂದು ಮಾಡಿದ್ದೂ ಅದರಲ್ಲಿ ಇರಬಹುದು, ಯಾವ ನೀರಿನದೋ.

ಎರಡು ಮೂರು ಗಂಟೆಯೊಳಗೆ ಖಾಲಿಯಾಗುವಷ್ಟೇ ಬೆರೆಸಿ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಬೆಲ್ಲವೂ ಸಕ್ಕರೆಯೇ. ಅವರ ಲೋಟಕ್ಕೆ ಉಪ್ಪು, ನಿಂಬೆ, ಜೀರಿಗೆ ಪುಡಿ ಹಾಕಿ ಬೇರೆ ಕಲಸಿಡಿ.